ಮುಗಿಯದ ಟಿಕೆಟ್, ವರ್ಷದ ಪಾಸ್, ಜೀವನಪೂರ್ತಿ ಪಾಸ್: ಮೂರನ್ನೂ ಬಳಸಿ ನೋಡಿದ್ದು

ಫ್ಲೋರಿಡಾಕ್ಕೆ ಬರುವ ನೆಂಟರು ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಒಂದೇ ಸಲ ದುಡ್ಡು ಕಟ್ಟಿ, ಬದುಕಿರುವವರೆಗೂ ಡಿಸ್ನಿಗೆ ಹೋಗುವ ಪಾಸ್ ಇಲ್ವಾ?"

ಇದೆ. ಆದರೆ ಅದು ಕೌಂಟರಿನಲ್ಲಿ ಸಿಗುವ ವಸ್ತುವಲ್ಲ. 1955ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ಮೊದಲು ಒಳಗೆ ಹೋದ ಮಕ್ಕಳು ಅಂತ ಇಬ್ಬರನ್ನು ಆರಿಸಿದರು. 5 ವರ್ಷದ ಕ್ರಿಸ್ಟೀನ್ ವೆಸ್, 7 ವರ್ಷದ ಮೈಕೆಲ್ ಶ್ವಾರ್ಟ್ನರ್. ಇಬ್ಬರಿಗೂ ಜೀವನಪೂರ್ತಿ ಪಾಸ್ ಸಿಕ್ಕಿತು. ಮೊದಲ ಟಿಕೆಟನ್ನು ವಾಲ್ಟ್ ಡಿಸ್ನಿಯ ಅಣ್ಣ ರಾಯ್ 1 ಡಾಲರ್ ಕೊಟ್ಟು ಕೊಂಡಿದ್ದರು. ಅವರ ನಂತರ, ರಾತ್ರಿಯೇ ಬಂದು ಸಾಲಿನಲ್ಲಿ ನಿಂತು ಟಿಕೆಟ್ ಕೊಂಡ ಕಾಲೇಜು ಹುಡುಗ ಡೇವ್ ಮ್ಯಾಕ್‌ಫರ್ಸನ್. ಅವರಿಗೂ ಅಂಥ ಪಾಸ್ ಬಂತು. ನಾನು ಹುಟ್ಟಿದ್ದೂ 1955ರಲ್ಲೇ, ಆದರೆ ಮೈಸೂರಿನಲ್ಲಿ.

ಹಾಗಾದರೆ ನಮ್ಮಂಥವರ ಕೈಗೆ ಎಟುಕುವುದು ಯಾವುದು? ಇಷ್ಟು ವರ್ಷಗಳಲ್ಲಿ ನಾನು ಮೂರನ್ನು ಬಳಸಿದ್ದೇನೆ. ಒಂದು, ಇಲ್ಲಿ ಫ್ಲೋರಿಡಾದಲ್ಲಿರುವ ಡಿಸ್ನಿ ವರ್ಲ್ಡಿನ ಅವಧಿ ಮುಗಿಯದ ಟಿಕೆಟ್. ಎರಡು, ಅಲ್ಲಿಯದೇ ವರ್ಷದ ಪಾಸ್. ಮೂರನೆಯದು ಥೀಮ್ ಪಾರ್ಕಿನದಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಹಿರಿಯರ ಪಾಸ್. ಆದರೆ ಈ ಮೂರರಲ್ಲಿ "ಜೀವನಪೂರ್ತಿ" ಅಂತ ನಿಜವಾಗಿ ಮಾರಾಟಕ್ಕೆ ಇರುವುದು ಅದೊಂದೇ, ಹಾಗಾಗಿ ಸೇರಿಸಿದ್ದೇನೆ.

ಮುಗಿಯದ ಟಿಕೆಟಿನಿಂದ ಶುರು ಮಾಡುತ್ತೇನೆ. 2006ರಲ್ಲಿ ನಾವು ಅಟ್ಲಾಂಟಾದಲ್ಲಿದ್ದೆವು. ಅಮ್ಮ ಮೈಸೂರಿನಿಂದ ಆರು ತಿಂಗಳಿಗೆ ಅಂತ ಬಂದಿದ್ದರು. ಅವರಿಗೆ, ನನಗೆ, ನಮ್ಮ ಯಜಮಾನರಿಗೆ ಹತ್ತು ಹತ್ತು ದಿನದ ಟಿಕೆಟ್ ತೆಗೆದೆವು. ಹತ್ತು ದಿನ ಯಾಕೆ ಅಂತೀರಾ? ಆಗಿನ ದರ ಹಾಗಿತ್ತು. ಮೊದಲ ಮೂರು ನಾಲ್ಕು ದಿನಕ್ಕೆ ಬೆಲೆ ಜಾಸ್ತಿ. ಆಮೇಲಿನ ಪ್ರತಿ ದಿನಕ್ಕೆ ಕೆಲವೇ ಡಾಲರ್. ಆದರೆ ಒಂದು ಷರತ್ತು. ಮೊದಲ ಸಲ ಬಳಸಿದ ದಿನದಿಂದ 14 ದಿನದೊಳಗೆ ಉಳಿದದ್ದನ್ನೂ ಬಳಸಬೇಕು. ಇಲ್ಲದಿದ್ದರೆ ಹೋಯಿತು.

ನಾಲ್ಕನೇ ದಿನ ಡಿಸ್ನಿ ವರ್ಲ್ಡಿನ ಒಳಗಿನ ಪಾರ್ಕುಗಳಲ್ಲಿ ಒಂದಾದ ಎಪ್ಕಾಟ್‌ಗೆ ಹೋದೆವು. ಅಲ್ಲೊಂದು ದೊಡ್ಡ ಕೊಳದ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ. ಒಂದು ಸುತ್ತು ಹಾಕಿದರೆ ಸುಮಾರು 2 ಕಿಲೋಮೀಟರ್. ಅಮ್ಮ ಅರ್ಧಕ್ಕೆ ಕೂತುಬಿಟ್ಟರು. "ಉಳಿದ ದೇಶಗಳನ್ನ ಇನ್ನೊಂದು ಸಲ ನೋಡೋಣ, ಕಾಲು ಕೇಳ್ತಿಲ್ಲ" ಅಂದರು. ಮಾರನೇ ದಿನ ಅಟ್ಲಾಂಟಾಕ್ಕೆ ಏಳು ಗಂಟೆ ಕಾರಿನಲ್ಲಿ ವಾಪಸ್ ಹೋಗಬೇಕಿತ್ತು. ಆರು ದಿನ ಬಾಕಿ. ಗೇಟಿನ ಹತ್ತಿರದ ಕೌಂಟರಿನಲ್ಲಿ ವಿಚಾರಿಸಿದೆ. ಆ 14 ದಿನದೊಳಗೆ ಹೆಚ್ಚಿನ ಹಣ ಕಟ್ಟಿದರೆ ಅದೇ ಟಿಕೆಟನ್ನು "ಅವಧಿ ಇಲ್ಲದ" ಟಿಕೆಟ್ ಮಾಡಿಕೊಡುತ್ತಿದ್ದರು. ಮೂರಕ್ಕೂ ಕಟ್ಟಿಬಿಟ್ಟೆವು.

ಆ ದುಡ್ಡಿನ ಬಗ್ಗೆ ನಾನು ಇವತ್ತಿಗೂ ಒಂದು ಕ್ಷಣ ಬೇಸರ ಪಟ್ಟಿಲ್ಲ. ಯಾಕಂದರೆ ಅದು ನಮ್ಮ ಪ್ರವಾಸದ ರೀತಿಯನ್ನೇ ಬದಲಿಸಿತು. 2010ರಲ್ಲಿ ಅಮ್ಮ ಮತ್ತೆ ಬಂದಾಗ ಮೂರು ದಿನ ಹೋದೆವು. ಆ ನಾಲ್ಕು ವರ್ಷದಲ್ಲಿ ಟಿಕೆಟ್ ದರ ಏರುತ್ತಲೇ ಇತ್ತು, ನಮಗೆ ಅದರ ಬಿಸಿ ತಟ್ಟಲಿಲ್ಲ. ಬೆಳಗ್ಗೆ ಎದ್ದು ಓಡುವ ಗಡಿಬಿಡಿ ಇಲ್ಲ. ಎಪ್ಕಾಟ್‌ನಲ್ಲಿ ಉಳಿದಿದ್ದ ದೇಶಗಳನ್ನು ನೋಡಿ ಮುಗಿಸಿದರು. ಡಿಸ್ನಿ ವರ್ಲ್ಡಿನದೇ ಪ್ರಾಣಿಗಳ ಪಾರ್ಕ್ ಅನಿಮಲ್ ಕಿಂಗ್‌ಡಮ್‌ನಲ್ಲಿ ಮಹಾರಾಜಾ ಜಂಗಲ್ ಟ್ರೆಕ್ ಅಂತ ಒಂದು ದಾರಿ ಇದೆ. ಪಾಳುಬಿದ್ದ ಅರಮನೆಯಂತೆ ಕಟ್ಟಿ, ಒಳಗೆ ಹುಲಿಗಳನ್ನು ಇಟ್ಟಿದ್ದಾರೆ. ಮೈಸೂರು ಝೂ ಪಕ್ಕದ ಬೀದಿಯಲ್ಲೇ ಬೆಳೆದವರು ಅಮ್ಮ. ಅಲ್ಲಿ ಒಂದು ಗಂಟೆಗೂ ಜಾಸ್ತಿ ಕೂತರು. ನಾವು ಅವಸರ ಮಾಡಲಿಲ್ಲ. ದಸರಾ ಎಕ್ಸಿಬಿಷನ್ನಿನಲ್ಲಿ ನಾನು ಜಾಯಿಂಟ್ ವೀಲ್ ಮುಂದೆ ನಿಂತಾಗ ಅವರು ಯಾವತ್ತೂ ಅವಸರ ಮಾಡಿದವರಲ್ಲ.

ಈ ಟಿಕೆಟಿಗೆ ಎರಡು ಕೊರತೆ ಇದ್ದವು. ಮೊದಲನೆಯದು, ಅದು ಒಬ್ಬರ ಹೆಸರಿಗೇ ಸೀಮಿತ. ಗೇಟಿನಲ್ಲಿ ಬೆರಳಿಟ್ಟು ಗುರುತು ನೋಡುತ್ತಾರೆ. ಒಮ್ಮೆ ಬಳಸಿದ ಮೇಲೆ ಬೇರೆಯವರಿಗೆ ಕೊಡುವ ಹಾಗಿಲ್ಲ. ಎರಡನೆಯದು, ನಿಯಮಗಳು ಸುತ್ತಲೂ ಬದಲಾಗುತ್ತಾ ಹೋದವು. ನಾನು 2014ರಲ್ಲಿ ಎರಡು ದಿನ ಬಳಸಿದೆ. ಕೊನೆಯ ಒಂದು ದಿನ 2022ಕ್ಕೆ ಉಳಿಯಿತು. ಅಷ್ಟರಲ್ಲಿ ಕೋವಿಡ್ ಬಂದು ಹೋಗಿತ್ತು. ಯಾವ ದಿನ, ಯಾವ ಪಾರ್ಕ್ ಅಂತ ಮೊದಲೇ ಕಾಯ್ದಿರಿಸಬೇಕಿತ್ತು. ಹಳೇ ಕಾರ್ಡನ್ನು ಮೊಬೈಲಿನ ಖಾತೆಗೆ ಸೇರಿಸಿಕೊಳ್ಳಬೇಕಿತ್ತು. ಹಿಂಬದಿಯ ನಂಬರನ್ನು ನಾನು ಮೊದಲೇ ಫೋಟೋ ತೆಗೆದು ಇಟ್ಟಿದ್ದರಿಂದ ಕೆಲಸ ಸುಲಭವಾಯಿತು. ಹದಿನಾರು ವರ್ಷದ ಹಿಂದೆ ಕೊಂಡ ದಿನ, ಗೇಟಿನಲ್ಲಿ ಹಸಿರು ದೀಪ ಹೊತ್ತಿತು. ಖುಷಿಗೆ ಕಣ್ಣು ತುಂಬಿತು.

ಈಗ ಇದು ಸಿಗುವುದಿಲ್ಲ. 2015ರಲ್ಲಿ ಮಾರಾಟ ನಿಲ್ಲಿಸಿದರು. ಮೊದಲೇ ಕೊಂಡವರ ಬಾಕಿ ದಿನಗಳನ್ನು ಮಾತ್ರ ಮಾನ್ಯ ಮಾಡುತ್ತಾರೆ. ನಿಮ್ಮ ಮನೆಯಲ್ಲಿ ಹಳೆಯ ಕಾರ್ಡ್ ಇದ್ದರೆ ಸುಮ್ನೆ ಬಿಸಾಕಬೇಡಿ, ಒಮ್ಮೆ ಕೌಂಟರಿನಲ್ಲಿ ತೋರಿಸಿ.

ವರ್ಷದ ಪಾಸ್ ಬೇರೆಯೇ ಜಾತಿ. 2021ರಲ್ಲಿ ಮಗಳ ಹತ್ತಿರ ಇರೋಣ ಅಂತ ಒರ್ಲಾಂಡೋ ಕಡೆ ಬಂದೆವು. 2023ರ ಏಪ್ರಿಲ್‌ನಲ್ಲಿ ಹೊಸ ಪಾಸುಗಳ ಮಾರಾಟ ಮತ್ತೆ ಶುರುವಾಯಿತು. ನಾಲ್ಕು ಬಗೆ ಇದ್ದವು. ಯಾವ ರಾಜ್ಯದವರು ಬೇಕಾದರೂ ಕೊಳ್ಳಬಹುದಾದದ್ದು ಇನ್‌ಕ್ರೆಡಿ ಪಾಸ್, ಆಗ 1,399 ಡಾಲರ್. ಫ್ಲೋರಿಡಾದಲ್ಲಿ ವಾಸಿಸುವವರಿಗೆ ಮಾತ್ರ ಇರುವ ಅಗ್ಗದ್ದು ಪಿಕ್ಸಿ ಡಸ್ಟ್ ಪಾಸ್, ಆಗ 399 ಡಾಲರ್, ಮೇಲೆ ತೆರಿಗೆ. ಅದು ವಾರದ ದಿನಗಳಿಗೆ ಮಾತ್ರ. ಶನಿವಾರ, ಭಾನುವಾರ, ದೊಡ್ಡ ರಜೆಗಳಲ್ಲಿ ನಡೆಯುವುದಿಲ್ಲ. ನಿವೃತ್ತರಾದ ನಮಗೆ ಮಂಗಳವಾರವೂ ಒಂದೇ, ಶನಿವಾರವೂ ಒಂದೇ. ಅದನ್ನೇ ಕೊಂಡೆವು.

ದುಡ್ಡಿನ ಲೆಕ್ಕದಲ್ಲಿ ಇದು ಗೆದ್ದಿತು. ಆಗ ಒಂದು ದಿನದ ಟಿಕೆಟ್ ಅತಿ ಕಡಿಮೆ ಅಂದರೂ 109 ಡಾಲರ್. ಕಾರ್ ನಿಲ್ಲಿಸಲು ದಿನಕ್ಕೆ 25 ಡಾಲರ್, ಪಾಸ್ ಇದ್ದವರಿಗೆ ಅದು ಉಚಿತ. ನಾಲ್ಕೈದು ಸಲ ಹೋದರೆ ಅಸಲು ಬಂದಂತೆ. ನಾವು ಆ ವರ್ಷ ಹತ್ತೊಂಬತ್ತು ಸಲ ಹೋದೆವು. ವಸಂತದ ಹೂವಿನ ಹಬ್ಬಕ್ಕೆ ಎರಡು ಗಂಟೆ ಹೋಗಿ, ಗಿಡಗಳನ್ನು ನೋಡಿ, ಕಾಫಿ ಕುಡಿದು ಬಂದ ಸಂಜೆಗಳು ನಿಜಕ್ಕೂ ಚೆನ್ನಾಗಿದ್ದವು.

ಆದರೂ ಮನಸ್ಸಿಗೆ ಅದು ಅಷ್ಟು ಹಿಡಿಸಲಿಲ್ಲ. ಎರಡು ವಾರ ಹೋಗದಿದ್ದರೆ ದುಡ್ಡು ದಂಡವಾಗುತ್ತಿದೆ ಅನ್ನಿಸುತ್ತಿತ್ತು. ಜುಲೈನ ಸುಡು ಬಿಸಿಲಿನಲ್ಲಿ ಮೈ ಸರಿ ಇಲ್ಲದಿದ್ದರೂ ಹೋದ ದಿನಗಳಿವೆ. ಮೊಮ್ಮಗಳಿಗೆ ಶಾಲೆ ಇರುವುದು ವಾರದ ದಿನಗಳಲ್ಲಿ. ನಮ್ಮ ಪಾಸ್ ನಡೆಯುವುದೂ ಅದೇ ದಿನಗಳಲ್ಲಿ. ಅವಳಿಗೆ ಮೂರು ತುಂಬುವ ಮೊದಲು ಟಿಕೆಟೂ ಬೇಕಿರಲಿಲ್ಲ, ಶಾಲೆಯೂ ಇರಲಿಲ್ಲ. ಪಾಸ್ ಮಾಡಿಸುವುದಾದರೆ ಅದೇ ಸರಿಯಾದ ಕಾಲ. ಚಿಕ್ಕ ಮಕ್ಕಳಿರುವ, ಹತ್ತಿರದಲ್ಲೇ ಮನೆ ಇರುವವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ, ತೆಗೆದುಕೊಳ್ಳಿ. ನಾವು ಮಾತ್ರ ಮುಂದುವರಿಸಲಿಲ್ಲ.

ಇನ್ನು ಹಿರಿಯರ ಪಾಸ್. ನಿಮಗೆ 62 ತುಂಬಿರಬೇಕು. ಅಮೆರಿಕದ ಪ್ರಜೆ ಆಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಅಷ್ಟೇ. ಬಹಳ ವರ್ಷ ಅದರ ಬೆಲೆ 10 ಡಾಲರ್ ಇತ್ತು. 2017ರ ಆಗಸ್ಟ್ 28ರಿಂದ 80 ಡಾಲರ್ ಆಯಿತು. ನನಗೆ ಆ ವರ್ಷವೇ 62 ತುಂಬಿತ್ತು. ಬೆಲೆ ಏರುವ ಮೊದಲೇ 10 ಡಾಲರಿಗೆ ಕೊಂಡೆ.

ಎರಡು ಸಾವಿರಕ್ಕೂ ಹೆಚ್ಚು ಜಾಗಗಳಲ್ಲಿ ಅದು ನಡೆಯುತ್ತದೆ. ಗ್ರ್ಯಾಂಡ್ ಕ್ಯಾನಿಯನ್‌ಗೆ ಒಂದು ಕಾರಿಗೆ 35 ಡಾಲರ್. ಈ ಪಾಸ್ ತೋರಿಸಿದರೆ ಕಾರಿನಲ್ಲಿರುವ ಎಲ್ಲರೂ ಒಳಗೆ. ತಲೆಗೆ ಇಷ್ಟು ಅಂತ ತೆಗೆದುಕೊಳ್ಳುವ ಕಡೆ ನನ್ನ ಜೊತೆ ಇನ್ನೂ ಮೂವರು ದೊಡ್ಡವರು ಬರಬಹುದು. ಹದಿನಾರು ತುಂಬದ ಮಕ್ಕಳಿಗೆ ಹೇಗೂ ಉಚಿತ. ಡಿಸ್ನಿಯ ಎರಡು ಕಾರ್ಡಿನಲ್ಲೂ ಇಲ್ಲದ ಗುಣ ಇದು. ಪಾಸ್ ನನ್ನದು, ಸಂತೋಷ ಕಾರಿನಲ್ಲಿ ಕೂತ ಎಲ್ಲರದು. ಹಲವು ಕಡೆ ಡೇರೆ ಹಾಕುವ ಜಾಗಕ್ಕೆ ಅರ್ಧ ದರ ಕೂಡ ಸಿಗುತ್ತದೆ.

ಎಲ್ಲ ಕಡೆ ನಡೆಯುತ್ತದೆ ಅಂದುಕೊಳ್ಳಬೇಡಿ. ಗ್ರೇಟ್ ಸ್ಮೋಕಿ ಬೆಟ್ಟಗಳಿಗೆ ಪ್ರವೇಶ ಶುಲ್ಕವೇ ಇಲ್ಲ. ಆದರೆ 2023ರಿಂದ ಕಾರ್ ನಿಲ್ಲಿಸಲು ದಿನಕ್ಕೆ 5 ಡಾಲರ್ ಚೀಟಿ ಬೇಕು, ಅದಕ್ಕೆ ಈ ಪಾಸ್ ಆಗುವುದಿಲ್ಲ. ಇನ್ನೊಂದು ಮುಖ್ಯವಾದ ಮಾತು. ಕಳೆದುಹೋದರೆ ಬದಲಿ ಕೊಡುವುದಿಲ್ಲ. ಮನೆ ಬದಲಿಸುವಾಗ ನನ್ನದು ಎಲ್ಲೋ ಹೋಯಿತು. 80 ಡಾಲರ್ ಕೊಟ್ಟು ಹೊಸದು ಕೊಂಡೆ. ಆದರೂ ನಷ್ಟ ಅನ್ನಿಸಲಿಲ್ಲ. ಎರಡು ಮೂರು ಪ್ರವಾಸದಲ್ಲಿ ಅಷ್ಟೂ ವಾಪಸ್ ಬಂತು.

ನನ್ನ ಲೆಕ್ಕದಲ್ಲಿ ಇವತ್ತು ಕೊಳ್ಳಬಹುದಾದದ್ದರಲ್ಲಿ ಹಿರಿಯರ ಪಾಸಿಗೆ ಸಾಟಿ ಇಲ್ಲ. ಅದು ನನ್ನನ್ನು ಹೋಗು ಹೋಗು ಅಂತ ದೂಡುವುದಿಲ್ಲ. ಒಂದು ವರ್ಷ ಮುಟ್ಟದೇ ಇದ್ದರೂ ಏನೂ ಕಳೆಯುವುದಿಲ್ಲ. ಆದರೆ ಮೂರರಲ್ಲಿ ಯಾವುದು ಜಾಸ್ತಿ ಇಷ್ಟ ಅಂತ ಕೇಳಿದರೆ, ಆ ಮುಗಿಯದ ಟಿಕೆಟ್. ಎಪ್ಪತ್ತು ದಾಟಿದವರನ್ನು ಕರೆದುಕೊಂಡು ಹೋಗುವವರಿಗೆ "ಉಳಿದದ್ದು ಇನ್ನೊಂದು ಸಲ" ಅನ್ನುವ ಮಾತಿಗೆ ಎಷ್ಟು ಬೆಲೆ ಅಂತ ಗೊತ್ತು. ಯಾವುದಾದರೂ ಪಾರ್ಕ್ ಅದನ್ನು ಮತ್ತೆ ಶುರು ಮಾಡಲಿ ಅಂತ ನನ್ನ ಆಸೆ.

ಅಮ್ಮ 2013ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಅವರ ಕಾರ್ಡಿನಲ್ಲಿ ಮೂರು ದಿನ ಹಾಗೇ ಇವೆ. ಬರುವ ತಿಂಗಳು ನನ್ನ ತಮ್ಮ ಬರುತ್ತಿದ್ದಾನೆ. ಡಿಸ್ನಿಗೆ ಅವನಿಗೆ ದಿನಾಂಕ ಹಾಕಿದ ಹೊಸ ಟಿಕೆಟ್ ತೆಗೆಯಬೇಕು. ಹುಲಿ ಇರುವ ಕಡೆಗೆ ಮೊದಲು ಕರೆದುಕೊಂಡು ಹೋಗುತ್ತೇನೆ. ಮಾರನೇ ದಿನ ಮೆರಿಟ್ ದ್ವೀಪದ ಪಕ್ಷಿಧಾಮ. ಬ್ಲ್ಯಾಕ್ ಪಾಯಿಂಟ್ ಅನ್ನುವ ದಾರಿಯಲ್ಲಿ ಕಾರಿನಲ್ಲೇ ಕೂತು ಕೊಕ್ಕರೆ, ಮೊಸಳೆ ನೋಡಬಹುದು. ಅಲ್ಲಿ ನನ್ನ ಪಾಸ್ ಸಾಕು.