ಘಾಟಿ ರಸ್ತೆಯ ಸವಾರರಿಗೆ ಬೇಕಾದ ತರಬೇತಿ: ಮಡಿಕೇರಿಯ ಬೈಕ್ ಶಿಬಿರವೊಂದರ ವಿಮರ್ಶೆ

ಈಗಾಗಲೇ ಬೈಕ್ ಓಡಿಸಬಲ್ಲವರಿಗೆಂದೇ ಮಡಿಕೇರಿ ಸಮೀಪದ ಮೈದಾನವೊಂದರಲ್ಲಿ ವಾರಾಂತ್ಯದಲ್ಲಿ ಏರ್ಪಡಿಸಿದ್ದ ಸವಾರಿ ತರಬೇತಿಯಲ್ಲಿ ನಾನು ಪಾಲ್ಗೊಂಡಿದ್ದೆ. ವೇಗ ಹೆಚ್ಚಿಸುವುದನ್ನು ಕಲಿಸುತ್ತಾರೆಂದು ಬಂದವರಿಗೆ ಇಲ್ಲಿ ನಿರಾಸೆಯಾಗಬಹುದು; ಆದರೆ ಸಂಪಾಜೆ ಘಾಟಿಯಲ್ಲೋ ವಿರಾಜಪೇಟೆ–ಮಾಕುಟ್ಟ ರಸ್ತೆಯಲ್ಲೋ ಆಗಾಗ ಓಡಾಡುವವರಿಗೆ ಕೊಟ್ಟ ಶುಲ್ಕ ಖಂಡಿತ ಸಾರ್ಥಕ.

ಅರ್ಧದಷ್ಟು ಸಮಯ ಬ್ರೇಕಿಗೇ ಮೀಸಲಾಗಿತ್ತು, ಅದು ಸರಿಯೇ. ಮುಂದಿನ ಬ್ರೇಕ್ ಹಿಡಿದರೆ ಬೈಕ್ ಮಗುಚುತ್ತದೆಂಬ ಭಯದಿಂದ ಹಿಂದಿನದನ್ನಷ್ಟೇ ತುಳಿಯುವ ರೂಢಿ ನಮ್ಮಲ್ಲಿ ಬಹಳ ಮಂದಿಗಿದೆ. ಬ್ರೇಕ್ ಬಿದ್ದೊಡನೆ ಭಾರವೆಲ್ಲ ಮುಂದಿನ ಚಕ್ರದತ್ತ ಸರಿಯುವುದರಿಂದ ಗಾಡಿಯನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಲ್ಲಿಯೇ ಇರುತ್ತದೆ. ಲಿವರನ್ನು ಒಮ್ಮೆಲೇ ಎಳೆಯದೆ ಹಂತಹಂತವಾಗಿ ಬಿಗಿ ಮಾಡುವುದನ್ನು ಬೆರಳಿಗೆ ಅಭ್ಯಾಸವಾಗುವವರೆಗೂ ಮಾಡಿಸಿದರು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ತಡಮಾಡಿದರೂ ಬ್ರೇಕ್ ಹಿಡಿಯುವ ಮೊದಲೇ ಸುಮಾರು 17 ಮೀಟರ್ ಮುಂದೆ ಹೋಗಿರುತ್ತೇವೆ ಎಂಬುದನ್ನು ನೆಲದ ಮೇಲೆ ಗೆರೆ ಎಳೆದು ತೋರಿಸಿದಾಗ ಎಲ್ಲರೂ ಗಂಭೀರರಾದರು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ, ನಿಜ; ಆದರೆ ಅದು ಚಕ್ರ ಬಿಗಿದುಕೊಳ್ಳದಂತೆ ತಡೆಯುತ್ತದೆಯೇ ಹೊರತು ಜಲ್ಲಿಯ ಮೇಲೆ ಗಾಡಿಯನ್ನು ಬೇಗ ನಿಲ್ಲಿಸಿಕೊಡುವುದಿಲ್ಲ.

ತಿರುವಿನ ಪಾಠದಲ್ಲಿ ತರಬೇತುದಾರರ ಕಣ್ಣು ಬಹಳ ಸೂಕ್ಷ್ಮ. "ಸರ್, ನೀವು ಗುಂಡಿಯನ್ನೇ ನೋಡ್ತಿದ್ದೀರಿ, ಬೈಕೂ ಅಲ್ಲಿಗೇ ಹೋಗ್ತಿದೆ. ತಿರುವು ಮುಗಿಯೋ ಕಡೆ ನೋಡಿ" ಎಂದು ತೋಟದ ಮೇಸ್ತ್ರಿಯೊಬ್ಬರಿಗೆ ಹೇಳಿದ ಮೇಲೆ ಅವರ ಸವಾರಿ ಅಲ್ಲಿಯೇ ಬದಲಾಯಿತು. ಎಡತಿರುವಿನಲ್ಲಿ ರಸ್ತೆಯ ನಡುಭಾಗಕ್ಕೆ ಸರಿದರೆ ದೂರದವರೆಗೆ ಕಾಣುತ್ತದೆಂಬುದು ಪುಸ್ತಕದ ಮಾತು. ಎದುರಿನಿಂದ ಮರದ ಲಾರಿ ತಿರುವನ್ನು ಕತ್ತರಿಸಿಕೊಂಡು ಬರುವ ನಮ್ಮ ರಸ್ತೆಗಳಲ್ಲಿ ಆ ಲಾಭವನ್ನು ಬಿಟ್ಟುಕೊಟ್ಟು, ತಿರುವಿಗೆ ಮೊದಲೇ ವೇಗ ಇಳಿಸಿ ಎಡಕ್ಕೇ ಇರಬೇಕೆಂದು ಅವರು ಒತ್ತಿ ಹೇಳಿದ್ದು ನನಗೆ ಬಹಳ ಹಿಡಿಸಿತು.

ಕೊರತೆಗಳೂ ಇವೆ. ಅಭ್ಯಾಸವೆಲ್ಲ ಒಣ ನೆಲದಲ್ಲೇ ನಡೆಯಿತು. ಜೂನ್‌ನಿಂದ ತಿಂಗಳುಗಟ್ಟಲೆ ಮಳೆ ಹಿಡಿಯುವ, ರಸ್ತೆಯಂಚಿನಲ್ಲಿ ಪಾಚಿ ಕಟ್ಟುವ ಕೊಡಗಿನಲ್ಲಿ ನೆಲಕ್ಕೆ ನೀರು ಸುರಿದಾದರೂ ಬ್ರೇಕ್ ಹಿಡಿಯುವುದನ್ನು ಕಲಿಸಲೇಬೇಕಿತ್ತು. ಹಿಂಬದಿ ಸವಾರರನ್ನು ಕೂರಿಸಿಕೊಂಡು ಇಳಿಜಾರು ಇಳಿಯುವುದನ್ನು ಬಾಯಿಮಾತಿನಲ್ಲೇ ಮುಗಿಸಿದರು. ತಂಡವೂ ದೊಡ್ಡದಾಗಿದ್ದರಿಂದ ಸರದಿಗಾಗಿ ಕಾಯುವುದರಲ್ಲೇ ಬಹಳ ಹೊತ್ತು ಹೋಯಿತು.

ಸೇರುವವರು ದಿನವೂ ಓಡಿಸುವ ತಮ್ಮದೇ ಬೈಕನ್ನು, ಟೈರು ಮತ್ತು ಬ್ರೇಕ್ ಪ್ಯಾಡ್ ನೋಡಿಸಿಕೊಂಡು ತರುವುದು ಒಳ್ಳೆಯದು. ಹೆಲ್ಮೆಟ್ಟಿನ ಪಟ್ಟಿ ಸಡಿಲವಿದ್ದರೂ ಇವರು ಮೈದಾನಕ್ಕೆ ಇಳಿಯಲು ಬಿಡುವುದಿಲ್ಲ.