ಸಹಿಯೋ, ಬಣ್ಣವೋ, ತಳವೋ: ಬೊಹೀಮಿಯಾದ ಹೂದಾನಿಯ ತಯಾರಕರನ್ನು ಹುಡುಕುತ್ತಾ

ಕೆಲಸದ ಮೇಲೆ ಪ್ರಾಗ್‌ಗೆ ಬಂದ ಮೇಲೆ ಹಳೆ ಸಾಮಾನಿನ ಸಂತೆಯಲ್ಲಿ ಮೂರು ಗಾಜಿನ ಹೂದಾನಿ ಕೊಂಡಿದ್ದೇನೆ. ಮೂರೂ 1900ರ ಆಸುಪಾಸಿನವು, ಮೂರಕ್ಕೂ ನವಿಲುಗರಿಯ ಹೊಳಪು. ಮಾರಿದವರೆಲ್ಲ ಹೇಳಿದ್ದು ಒಂದೇ ಹೆಸರು: ಲೋಟ್ಸ್, ಬೊಹೀಮಿಯಾದ (ಇಂದಿನ ಚೆಕ್ ದೇಶದ ಭಾಗ) ಹೆಸರಾಂತ ಗಾಜಿನ ಕಾರ್ಖಾನೆ. ಮಾತು ನಿಜವೇ ಎಂದು ತಿಳಿಯಲು, ಸಂಗ್ರಹಕಾರರು ನಂಬುವ ಒಂದೊಂದೇ ದಾರಿಯನ್ನು ಮೂರರ ಮೇಲೂ ಪ್ರಯೋಗಿಸಿ ನೋಡಿದೆ.

ಮೊದಲು ಸಹಿ. ಒಂದರ ತಳದಂಚಿನಲ್ಲಿ 'ಲೋಟ್ಸ್ ಆಸ್ಟ್ರಿಯಾ' ಎಂದು ಕೆತ್ತಿತ್ತು, ಅದಕ್ಕೇ ಬೆಲೆ ದುಪ್ಪಟ್ಟು. 1918ರವರೆಗೆ ಬೊಹೀಮಿಯಾ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದೊಳಗಿತ್ತು, ಹಾಗಾಗಿ ಆ ಪದ ಸರಿಯೇ. ಆದರೆ ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ನೋಡಿದಾಗ ಎದೆ ಧಸಕ್ಕೆಂದಿತು. ಕಪಾಟಿನ ಮೇಲೆ ಸರಿದಾಡಿ ಬಿದ್ದ ನೂರು ವರ್ಷದ ಸಣ್ಣ ಗೀರುಗಳು ತಳದ ತುಂಬ ಇದ್ದವು. ಅಕ್ಷರಗಳು ಅವನ್ನೆಲ್ಲ ಕತ್ತರಿಸಿಕೊಂಡು ಹೋಗಿದ್ದವು, ಅವುಗಳ ಅಂಚು ಒಂದಿಷ್ಟೂ ಸವೆದಿರಲಿಲ್ಲ. ಗೀರು ಮೊದಲು, ಸಹಿ ಆಮೇಲೆ! ಲೋಟ್ಸ್‌ನ ಬಹುಪಾಲು ಹೂದಾನಿಗಳಿಗೆ ಸಹಿಯೇ ಇಲ್ಲ ಎಂಬುದು ನನಗೆ ಗೊತ್ತಾದದ್ದು ದುಡ್ಡು ಕೊಟ್ಟ ನಂತರ.

ನೇರಳಾತೀತ ಟಾರ್ಚ್‌ನಿಂದ ಪ್ರಯೋಜನವಾಗಲಿಲ್ಲ. ಹಸಿರಾಗಿ ಹೊಳೆದರೆ ಗಾಜಿನಲ್ಲಿ ಯುರೇನಿಯಂ ಇರಬಹುದು ಎಂದರ್ಥ, ಅಷ್ಟೇ. ಅದನ್ನು ಬಳಸಿದ ಕಾರ್ಖಾನೆಗಳು ಬೊಹೀಮಿಯಾದಲ್ಲಿ ಬೇಕಾದಷ್ಟಿದ್ದವು.

ಬಣ್ಣ, ವಿನ್ಯಾಸಗಳದ್ದು ಬೇರೆ ತೊಡಕು. ಶುಮಾವಾ ಕಾಡಿನ ಕ್ಲೋಸ್ಟರ್‌ಮ್ಯೂಲೆಯಲ್ಲಿದ್ದ ಲೋಟ್ಸ್ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಗ್ರಾಂಡ್ ಪ್ರಿ ಎಂಬ ಅತ್ಯುನ್ನತ ಬಹುಮಾನ ಗೆದ್ದಿತು. ಈ ಹೊಳಪಿನ ಗಾಜಿಗೆ ಬೇಡಿಕೆ ಇದ್ದ ಕಾಲ ಅದು, ಎಲ್ಲರೂ ಅದನ್ನೇ ಮಾಡಿದರು: ಅದೇ ಕಾಡಿನ ಎಲಿಯೊನೊರೆನ್‌ಹೈನ್‌ನಲ್ಲಿ ಕ್ರಾಲಿಕ್, ಟೆಪ್ಲಿಟ್ಸ್ ಹತ್ತಿರದ ಕೋಸ್ಟನ್‌ನಲ್ಲಿ ರಿಂಡ್‌ಸ್ಕಾಫ್ ಮತ್ತು ಪಾಲ್ಮೆ-ಕ್ಯೋನಿಗ್. ಮೈಮೇಲೆ ಗಾಜಿನ ಎಳೆಗಳ ಬಲೆ ಕಂಡರೆ ಪಾಲ್ಮೆ-ಕ್ಯೋನಿಗ್ ಎನ್ನುವುದು ರೂಢಿ, ಆದರೆ ಎಳೆ ಸುತ್ತುವ ಕೆಲಸ ಉಳಿದವರಿಗೂ ಬರುತ್ತಿತ್ತು.

ನನಗೆ ಹೆಚ್ಚು ನೆರವಾದದ್ದು ತಳ ಮತ್ತು ಬಾಯಂಚು, ಎರಡನ್ನೂ ಒಟ್ಟಿಗೆ ನೋಡಬೇಕು. ಬಾಯನ್ನು ಬೆಂಕಿಯಲ್ಲಿ ತಿದ್ದಬೇಕಾದರೆ ಹೂದಾನಿಯ ತಳಕ್ಕೆ ಕಬ್ಬಿಣದ ಸಲಾಕೆ ಅಂಟಿಸಿ ಹಿಡಿಯುತ್ತಾರೆ. ಅದನ್ನು ಮುರಿದು ತೆಗೆದಾಗ ಉಳಿಯುವ ಗಾಯವನ್ನು ಉಜ್ಜಿ ನಯ ಮಾಡಿದರೆ ಅಲ್ಲೊಂದು ಆಳವಿಲ್ಲದ ಬಟ್ಟಲು ಮೂಡುತ್ತದೆ. ಬಾಯನ್ನು ತಣ್ಣಗಾದ ಮೇಲೆ ಕತ್ತರಿಸಿ ಸಾಣೆ ಹಿಡಿದಿದ್ದರೆ ಸಲಾಕೆಯೇ ಬೇಡ. ಕಣ್ಣು ಮುಚ್ಚಿ ಬೆರಳಾಡಿಸಿದರೂ ತಿಳಿಯುತ್ತದೆ: ಬೆಂಕಿ ಕಂಡ ಅಂಚು ತುಟಿಯ ಹಾಗೆ ದುಂಡಗೆ, ಸಾಣೆಯ ಅಂಚು ಚಪ್ಪಟೆ. ಲೋಟ್ಸ್‌ನ ಒಳ್ಳೆಯ ಕೆಲಸದಲ್ಲಿ ಸಾಮಾನ್ಯವಾಗಿ ಸಿಗುವುದು ದುಂಡಂಚು, ನಯವಾದ ಬಟ್ಟಲು. ಕ್ರಾಲಿಕ್, ರಿಂಡ್‌ಸ್ಕಾಫ್ ಹೂದಾನಿಗಳಲ್ಲಿ ಅಚ್ಚಿನಲ್ಲಿ ಊದಿ ಬಾಯಿಗೆ ಸಾಣೆ ಹಿಡಿದವೇ ಬಹಳ. ಸಹಿ ಇದ್ದ ನನ್ನ ಹೂದಾನಿಯ ಅಂಚು ಚಪ್ಪಟೆ!

ಆದರೂ ತಳವೊಂದೇ ಹೆಸರು ಹೇಳುವುದಿಲ್ಲ. ಹೆಸರಿಗೆ ಆಕಾರ ಬೇಕು. ಲೋಟ್ಸ್‌ನ ಆಕಾರಗಳ ಕಾಗದದ ನಕ್ಷೆಗಳು ಕ್ರಮಸಂಖ್ಯೆಯ ಸಮೇತ ಉಳಿದು, ಪುಸ್ತಕವಾಗಿ ಅಚ್ಚಾಗಿವೆ. ಎರಡನೆಯ ಹೂದಾನಿಯ ಕಂಠ, ಸೊಂಟ, ಮೂರು ಕಡೆ ಚಿವುಟಿದ ಹೊಟ್ಟೆ ಒಂದು ನಕ್ಷೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದ ಸಂಜೆ ಹೆಂಡತಿಯನ್ನು ಅಡುಗೆಮನೆಯಿಂದ ಕೂಗಿ ಕರೆದು ತೋರಿಸಿದೆ. ಅದಕ್ಕೆ ಸಹಿ ಇಲ್ಲ, ನಾನು ಕೊಟ್ಟದ್ದೂ ಮೂರರಲ್ಲಿ ಅತಿ ಕಡಿಮೆ.

ಮೂರನೆಯದರ ತಳ ಚೆನ್ನಾಗಿದೆ, ಆದರೆ ಯಾವ ನಕ್ಷೆಗೂ ಹೊಂದಲಿಲ್ಲ. ಅದರ ಚೀಟಿಯಲ್ಲಿ 'ಬೊಹೀಮಿಯಾ, ಸುಮಾರು 1900' ಎಂದಷ್ಟೇ ಬರೆದಿಟ್ಟಿದ್ದೇನೆ.