ಹಳೇ ಬಂಗಲೆಯ ವೀಗನ್ ಕೇಂದ್ರದಲ್ಲಿ ಹಾಲ್ ಬುಕ್ ಮಾಡುವ ಮುಂಚೆ ಇದನ್ನು ಓದಿ

ಮೈಸೂರಿನ ಹಳೇ ಬಂಗಲೆಯೊಂದನ್ನು ವೀಗನ್ ಸಮುದಾಯ ಕೇಂದ್ರ ಮಾಡಿದ್ದಾರೆ. ವೀಗನ್ ಅಂದರೆ ಮಾಂಸ, ಮೊಟ್ಟೆ ಅಷ್ಟೇ ಅಲ್ಲ, ಹಾಲು ತುಪ್ಪವನ್ನೂ ಮುಟ್ಟದವರು. ಹೆಸರು ಬರೆಯುವುದಿಲ್ಲ. ಅಲ್ಲಿ ನಮ್ಮನೆ ಮಗುವಿಗೆ ಆದದ್ದು ಇನ್ನೊಬ್ಬರ ಮಗುವಿಗೆ ಆಗಬಾರದು, ಅಷ್ಟೇ.

ನನ್ನ ತಂಗಿ ಮಗನಿಗೆ ಹಾಲಿನ ಅಲರ್ಜಿ. ಹಾಲು ಅರಗದೆ ಹೊಟ್ಟೆ ಉಬ್ಬರಿಸುವ ತೊಂದರೆಯೇ ಬೇರೆ, ಇದೇ ಬೇರೆ. ಹಾಲಿನ ಪ್ರೋಟೀನ್ ಚೂರು ಒಳಗೆ ಹೋದರೂ ಮೈಮೇಲೆ ದದ್ದು ಏಳುತ್ತದೆ, ತುಟಿ ಊದಿಕೊಳ್ಳುತ್ತದೆ. ತುಪ್ಪದಲ್ಲೂ ಆ ಅಂಶ ಉಳಿದಿರಬಹುದು. ಹಾಗಾಗಿ 'ಪ್ಯೂರ್ ವೆಜ್' ಬೋರ್ಡ್ ನೋಡಿ ನಾವು ಒಳಗೆ ಹೋಗುವಂತಿಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನೂ ನಂಬುವಂತಿಲ್ಲ, ಹಾಲು ತುಪ್ಪ ಇರುವ ತಿಂಡಿಗೂ ಅದೇ ಚುಕ್ಕೆ ಅಲ್ವಾ? ವೀಗನ್ ಕೇಂದ್ರ ಅಂದ ಮೇಲೆ ಆ ಭಯ ಇಲ್ಲ ಅಂತ ಅವನ ಹುಟ್ಟುಹಬ್ಬ ಅಲ್ಲೇ ಇಟ್ಟುಕೊಂಡೆವು. ಅಲರ್ಜಿ ವಿಷಯ ಮುಂಚೆಯೇ ಫೋನಿನಲ್ಲಿ ಹೇಳಿದ್ದೆವು. "ಇಲ್ಲಿ ಹಾಲಿನ ಹನಿಯೂ ಬರಲ್ಲ ಮೇಡಂ" ಅಂದಿದ್ದರು.

ಬಿಸಿಬೇಳೆಬಾತ್ ನಾಲ್ಕು ತುತ್ತು ತಿಂದಿದ್ದನೋ ಇಲ್ಲವೋ, ಮಗು ಕತ್ತು ಕೆರೆದುಕೊಳ್ಳೋಕೆ ಶುರು ಮಾಡಿತು. ಕಣ್ಣಿನ ರೆಪ್ಪೆ ದಪ್ಪಗಾಯಿತು. ತಂಗಿ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ನಾನು ಅಡುಗೆಮನೆಗೆ ಹೋದೆ. ಅಲ್ಲಿ ಒಲೆಯೇ ಹಚ್ಚಿರಲಿಲ್ಲ. ಊಟ ಹೊರಗಿನ ಕೇಟರಿಂಗ್‌ನವರದ್ದು, ಪಾತ್ರೆಗಳು ಆಟೋದಲ್ಲಿ ಬಂದಿದ್ದವು. ಬಡಿಸುತ್ತಿದ್ದ ಅಣ್ಣನನ್ನು ಕೇಳಿದರೆ, "ತುಪ್ಪ ಹಾಕದೆ ಬಿಸಿಬೇಳೆಬಾತ್ ಹೆಂಗಾಗುತ್ತೆ ಅಕ್ಕ?" ಅಂದರು. ಅವರನ್ನು ಬೈದು ಏನು ಪ್ರಯೋಜನ? ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ದೇವರ ದಯೆ, ಮಗು ಸಂಜೆಗೆ ಚೇತರಿಸಿಕೊಂಡಿತು.

ಇನ್ನು ಆ ಕಟ್ಟಡ. ಮರದ ಕಂಬ, ಎತ್ತರದ ಸೂರು, ಬಣ್ಣದ ಗಾಜಿನ ಕಿಟಕಿ, ನೋಡೋಕೆ ಬಹಳ ಚೆಂದ. ಸಾಮಾನು ತರಲು ಮಹಡಿಗೆ ಹೋದಾಗ ಉಳಿದದ್ದು ಕಣ್ಣಿಗೆ ಬಿತ್ತು. ತೊಲೆ ಗೋಡೆಯೊಳಗೆ ಸೇರುವ ಕಡೆ ಮರ ಕಪ್ಪಾಗಿತ್ತು, ಬೆರಳಿಟ್ಟರೆ ಪುಡಿಪುಡಿ ಉದುರಿತು. ಸುಣ್ಣದ ಗಾರೆಯ ಗೋಡೆಗೆ ಮೇಲಿಂದ ಸಿಮೆಂಟ್ ಮೆತ್ತಿದ್ದಾರೆ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ. ಗೋಡೆ ಒಳಗಿಂದಲೇ ಹಾಳಾಗುತ್ತದೆ. ಸೂರಿನ ಬಿರುಕಿನಲ್ಲಿ ಅರಳಿ ಗಿಡದ ಬೇರು ಇಳಿದಿತ್ತು. ಅದೇ ಕೋಣೆಯಲ್ಲಿ ಮಕ್ಕಳ ಯೋಗ ತರಗತಿಯ ಚಾಪೆಗಳು!

ಈ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಳೇ ಕಟ್ಟಡ ಉಳಿಯಬೇಕು, ಜನ ಅದನ್ನು ಬಳಸಬೇಕು, ಅದು ನನಗೂ ಇಷ್ಟ. ಆದರೆ ರಿಪೇರಿ ಮಾಡದೆ ಸುಮ್ನೆ ಬಣ್ಣ ಬಳಿದು ಮಕ್ಕಳನ್ನು ಕೂರಿಸಿದರೆ ಹೇಗೆ?

ದುಡ್ಡು ವಾಪಸ್ ಕೇಳಿದೆವು. ಕೊಟ್ಟ ರಸೀದಿಯಲ್ಲಿ ಬಾಡಿಗೆ ಅಂತಲೂ ಇಲ್ಲ, ಊಟ ಅಂತಲೂ ಇಲ್ಲ, 'ದೇಣಿಗೆ' ಅಂತ ಇದೆ. ದೇಣಿಗೆ ವಾಪಸ್ ಕೊಡೋದಿಲ್ಲವಂತೆ. ಜಾಸ್ತಿ ಮಾತಾಡಿದರೆ, "ಪ್ರಾಣಿಗಳಿಗೋಸ್ಕರ ಮಾಡ್ತಿರೋ ಕೆಲಸ, ಹೀಗೆಲ್ಲ ಕೇಳಬೇಡಿ" ಅನ್ನುತ್ತಾರೆ. ಒಳ್ಳೆ ಕೆಲಸ ಮಾಡುವವರು ಲೆಕ್ಕ ಕೊಡಬಾರದು ಅಂತ ಎಲ್ಲಿದೆ? ಆಹಾರ ಸುರಕ್ಷತೆ ಇಲಾಖೆಗೂ ಪಾಲಿಕೆಗೂ ದೂರು ಕೊಟ್ಟಿದ್ದೇವೆ.

ಇಂಥ ಜಾಗ ಬುಕ್ ಮಾಡುವವರು ಅಡುಗೆ ಯಾರು ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ ಅಂತ ಕೇಳಿ, ಹೋಗಿ ನೋಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ) ಪರವಾನಗಿಯ 14 ಅಂಕಿಯ ಸಂಖ್ಯೆ ಗೋಡೆ ಮೇಲೆ ಇರಬೇಕು. ಅಲರ್ಜಿ ಇದ್ದರೆ ಮೆಸೇಜಿನಲ್ಲೇ ಬರೆದು ಅವರಿಂದ ಉತ್ತರ ತೆಗೆದುಕೊಳ್ಳಿ. 'ದೇಣಿಗೆ' ರಸೀದಿ ಕೊಟ್ಟರೆ ಬೇಡ ಅನ್ನಿ, ಬಿಲ್ ಕೇಳಿ.

ಬರುವ ರಜೆಯಲ್ಲಿ ಅಲ್ಲಿ ಮಕ್ಕಳ ಶಿಬಿರ ಇದೆಯಂತೆ. ಹೆಸರು ಕೊಡುವ ಮುಂಚೆ ದಯವಿಟ್ಟು ಮಹಡಿ ಹತ್ತಿ ಆ ಸೂರು ನೋಡಿ ಬನ್ನಿ.